ಹುಳ ಹೇಗಿದೆ?

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಯಾರೂ ಹಾವಿನ ಹೆಸರು ಎತ್ತುತ್ತಿರಲಿಲ್ಲ. 'ಹುಳ' ಅನ್ನಬೇಕಿತ್ತು. ಹಾವು ಕಚ್ಚಿತು ಅನ್ನುವ ಹಾಗೂ ಇಲ್ಲ, 'ಹುಳ ಮುಟ್ಟಿತು' ಅನ್ನಬೇಕು. ಅಟ್ಟದ ಮೇಲೆ ಸರಸರ ಸದ್ದಾದರೆ ಅಜ್ಜ ಬ್ಯಾಟರಿ ಬಿಟ್ಟು ನೋಡಿ, "ಕೇರೆ ಹುಳ. ಇಲಿ ಹಿಡಿಯೋಕೆ ಬಂದಿದೆ, ಅದರ ಪಾಡಿಗೆ ಬಿಡಿ" ಅನ್ನುತ್ತಿದ್ದರು. ಕೊಟ್ಟಿಗೆ ಹತ್ತಿರ ಕೊಳಕುಮಂಡಲ ಕಂಡರೆ ಮಾತ್ರ ಮಕ್ಕಳನ್ನೆಲ್ಲ ಜಗಲಿ ಹತ್ತಿಸಿ ಬಾಗಿಲು ಹಾಕುತ್ತಿದ್ದರು.

ಈಗ ನಾನಿರುವುದು ಟೆಕ್ಸಸ್‌ನ ಆಸ್ಟಿನ್‌ನಲ್ಲಿ. ಪ್ರತಿ ಭಾನುವಾರ ಅಮ್ಮ ಫೋನ್ ಮಾಡುತ್ತಾರೆ. ಮೊಮ್ಮಗಳ ಓದು, ಅಳಿಯನ ಕೆಲಸ, ಮಳೆ, ಅಡಿಕೆಗೆ ಬಂದ ಕೊಳೆರೋಗ ಎಲ್ಲ ಆದ ಮೇಲೆ ಒಂದು ಪ್ರಶ್ನೆ ಇದ್ದೇ ಇರುತ್ತದೆ. "ಹುಳ ಹೇಗಿದೆ?"

ನಮ್ಮ ಹುಳದ ಹೆಸರು ಸಿಂಬಿ. ಬಾಲ್ ಪೈಥಾನ್ ಅನ್ನುವ ಜಾತಿ, ಆಫ್ರಿಕಾದ ಸಣ್ಣ ಹೆಬ್ಬಾವು. ವಿಷ ಇಲ್ಲ. ಹೆಣ್ಣು. ನಾಲ್ಕು ಅಡಿಗಿಂತ ಸ್ವಲ್ಪ ಜಾಸ್ತಿ ಉದ್ದ. ಮೈ ಕಂದು, ಅದರ ಮೇಲೆ ಹೊಂಬಣ್ಣದ ಮಚ್ಚೆಗಳು. ಹೆದರಿಕೆಯಾದರೆ ತಲೆಯನ್ನು ಒಳಗಿಟ್ಟು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ, ಆ ಇಂಗ್ಲಿಷ್ ಹೆಸರು ಬಂದಿದ್ದೇ ಅದರಿಂದ. ಮೊದಲ ದಿನ ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ಅಮ್ಮ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಸಿಂಬೆ ಸುತ್ತಿಕೊಂಡು ಮಲಗಿದೆಯಲ್ಲೇ ಮಾರಾಯ್ತಿ" ಅಂದರು. ತಲೆ ಮೇಲೆ ಕೊಡ ಇಡುವಾಗ ಬಟ್ಟೆ ಸುತ್ತಿ ಇಟ್ಟುಕೊಳ್ತಾರಲ್ಲ, ಆ ಸಿಂಬೆ. ಮಗಳು ಅವತ್ತೇ ಹೆಸರಿಟ್ಟಳು.

ಹಾವು ಬೇಕು ಅಂತ ಹಟ ಹಿಡಿದವಳು ಅವಳೇ. ಆಗ ಅವಳಿಗೆ ಹನ್ನೊಂದು ವರ್ಷ. ಲೈಬ್ರರಿಗೆ ಒಬ್ಬರು ಹಾವು, ಹಲ್ಲಿ ತಂದು ಮಕ್ಕಳಿಗೆ ತೋರಿಸಿದ್ದರು. ಒಂದು ಹಾವು ಇವಳ ಮುಂಗೈ ಸುತ್ತಿಕೊಂಡು ಕೂತಿತ್ತಂತೆ. ಎಂಟು ತಿಂಗಳು ಬಿಡದೆ ಕೇಳಿದಳು. ನಾನು ಬೇಡ ಅನ್ನುತ್ತಲೇ ಇದ್ದೆ. ಕೊನೆಗೆ ನಾನೇ ಕೂತು ಓದಲು ಶುರು ಮಾಡಿದೆ. ಓದಿದಷ್ಟೂ ಒಂದು ವಿಷಯ ಮನಸ್ಸಿಗೆ ಚುಚ್ಚಿತು. ಈ ಹಾವು ಚೆನ್ನಾಗಿ ನೋಡಿಕೊಂಡರೆ 20ರಿಂದ 30 ವರ್ಷ ಬದುಕುತ್ತದೆ. ಇಲ್ಲಿ ಮರಿಗಳು ಕಡಿಮೆ ಬೆಲೆಗೆ ಸಿಗುತ್ತವೆ. ಹುಡುಗರು ಹುಟ್ಟುಹಬ್ಬಕ್ಕೆ ತೆಗೆಸಿಕೊಳ್ಳುತ್ತಾರೆ, ಆರೇಳು ವರ್ಷಕ್ಕೆ ಕಾಲೇಜಿಗೆ ಹೋಗುತ್ತಾರೆ. ಹಾವು ಮನೆಯಲ್ಲಿ ಉಳಿಯುತ್ತದೆ, ಅದನ್ನು ನೋಡಿಕೊಳ್ಳಲು ಯಾರೂ ಇರುವುದಿಲ್ಲ. ಹೀಗೆ ಬಿಟ್ಟುಹೋದ ಹಾವುಗಳನ್ನು ಸಾಕುವ ಮನೆಗಳಲ್ಲಿ ಬಾಲ್ ಪೈಥಾನ್‌ಗಳೇ ಜಾಸ್ತಿ. ತರುವುದಾದರೆ ಅಂಥ ಒಂದನ್ನೇ ತರೋಣ ಅಂದೆ ಮಗಳಿಗೆ.

2019ರ ಅಕ್ಟೋಬರ್‌ನಲ್ಲಿ ಹೋದೆವು. ಆಸ್ಟಿನ್‌ನಿಂದ ಮುಕ್ಕಾಲು ಗಂಟೆ ದಾರಿ. ವಯಸ್ಸಾದ ಗಂಡ ಹೆಂಡತಿ ತಮ್ಮ ಗ್ಯಾರೇಜನ್ನೇ ಹಾವು, ಆಮೆ, ಉಡದ ಜಾತಿಯ ಪ್ರಾಣಿಗಳಿಗೆ ಬಿಟ್ಟುಕೊಟ್ಟಿದ್ದರು. ಹೋದ ಕೂಡಲೇ ಕೊಡಲಿಲ್ಲ. ಮೊದಲು ಗೂಡು ಸಿದ್ಧ ಮಾಡಿ, ಮೂರು ದಿನ ಬೆಳಿಗ್ಗೆ ರಾತ್ರಿ ಅದರೊಳಗಿನ ಬಿಸಿ ಎಷ್ಟಿದೆ ಅಂತ ಫೋಟೋ ತೆಗೆದು ಕಳಿಸಿ ಅಂದರು. ಅದು ನನಗೆ ತುಂಬಾ ಹಿಡಿಸಿತು. ಹೆಣ್ಣು ಕೊಡುವವರು ಮನೆ ನೋಡಿಕೊಂಡು ಬರಲ್ವಾ, ಹಾಗೆ. ಹಾವಿಗೆ ಕೊಟ್ಟಿದ್ದು 75 ಡಾಲರ್. ಗೂಡಿಗೆ, ದೀಪಕ್ಕೆ, ಥರ್ಮೋಸ್ಟಾಟಿಗೆ ಅದರ ಐದಾರು ಪಟ್ಟು ಆಯಿತು.

ಸಿಂಬಿ ಮೂರನೇ ಮನೆಯಿಂದ ಬಂದಿದ್ದಳು. ಹೊಟ್ಟೆಯ ಮೇಲೆ ಅಂಗೈ ಅಗಲದ ಸುಟ್ಟ ಕಲೆ. ಯಾರೋ ಗೂಡಿನೊಳಗೆ ಬಿಸಿಯಾಗುವ ಕಲ್ಲು ಇಟ್ಟಿದ್ದರಂತೆ, ಅದನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ. ಹಾವಿಗೆ ಬಿಸಿ ಬೇಕು. ಮೈ ಬಿಸಿ ಅದಕ್ಕೆ ಒಳಗಿಂದ ಬರುವುದಿಲ್ಲ, ಹೊರಗಿಂದಲೇ ಸಿಗಬೇಕು. ಗೂಡೆಲ್ಲ ತಣ್ಣಗಿದ್ದು ಒಂದೇ ಕಡೆ ಬಿಸಿಯಿದ್ದರೆ, ಹೊಟ್ಟೆ ಸುಡುತ್ತಿದ್ದರೂ ಅಲ್ಲೇ ಮಲಗಿಬಿಡುತ್ತದೆ. ಎಡಗಣ್ಣು ಮಂಜು ಮಂಜಾಗಿತ್ತು. ತೂಕ 1,180 ಗ್ರಾಂ. ವಯಸ್ಸು ಆರು ಇರಬಹುದು ಅಂದರು.

ಆ ಕಣ್ಣಿನ ಬಗ್ಗೆ ಹೇಳಲೇಬೇಕು. ಹಾವಿಗೆ ರೆಪ್ಪೆ ಇಲ್ಲ. ಕಣ್ಣಿನ ಮೇಲೆ ಗಾಜಿನಂಥ ಒಂದು ಹುರುಪೆ ಮುಚ್ಚಿಕೊಂಡಿರುತ್ತದೆ. ಪೊರೆ ಬಿಡುವಾಗ ಮೈಯ ಪೊರೆಯ ಜೊತೆ ಅದೂ ಕಳಚಿ ಬರಬೇಕು. ಗೂಡಿನಲ್ಲಿ ತೇವ ಸಾಲದಿದ್ದರೆ ಪೊರೆ ಚೂರುಚೂರಾಗಿ ಬಿಡುತ್ತದೆ, ಕಣ್ಣಿನದು ಅಲ್ಲೇ ಅಂಟಿ ಉಳಿದುಬಿಡುತ್ತದೆ. ಸಿಂಬಿಗೆ ಆಗಿದ್ದು ಅದೇ. ಅದೇ ವರ್ಷ ಶಿವಮೊಗ್ಗದಲ್ಲಿ ಅಮ್ಮನ ಕಣ್ಣಿನ ಪೊರೆ ತೆಗೆಸಿದ್ದೆವು. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು. ಫೋನಿನಲ್ಲಿ "ಅದರ ಕಣ್ಣಿಗೂ ಪೊರೆ ಬಂದಿದೆ ಅಮ್ಮ" ಅಂದೆ. "ಅಯ್ಯೋ ಪಾಪ" ಅಂದರು. ಹಾವಿನ ಬಗ್ಗೆ ಅಮ್ಮನ ಬಾಯಲ್ಲಿ ಬಂದ ಮೊದಲ ಮೆತ್ತಗಿನ ಮಾತು ಅದು.

ಟೇಪ್ ಅಂಟಿಸಿ ಮೆಲ್ಲಗೆ ಎಳೆದರೆ ಬರುತ್ತದೆ ಅಂತ ಎಲ್ಲೋ ಓದಿದ್ದೆ. ಟೇಪ್ ಕತ್ತರಿಸಿ ಕೈಯಲ್ಲಿ ಹಿಡಿದಿದ್ದೆ ಕೂಡ. ಧೈರ್ಯ ಸಾಲದೆ ಡಾಕ್ಟರಿಗೆ ಫೋನ್ ಮಾಡಿದೆ. ಮುಟ್ಟಲೇಬೇಡಿ, ಕೆಳಗಿನ ಹೊಸ ಹುರುಪೆಯೂ ಕಿತ್ತು ಬಂದರೆ ಕಣ್ಣೇ ಹೋಗಬಹುದು ಅಂದರು. ಗೂಡಿನ ತೇವ ಜಾಸ್ತಿ ಮಾಡಿ, ಒದ್ದೆ ಪಾಚಿ ತುಂಬಿದ ಡಬ್ಬ ಇಡಿ, ಮುಂದಿನ ಪೊರೆಯಲ್ಲಿ ತಾನೇ ಬರುತ್ತದೆ, ಬರದಿದ್ದರೆ ಕರೆದುಕೊಂಡು ಬನ್ನಿ ಅಂದರು. ಐಸ್‌ಕ್ರೀಮ್ ಡಬ್ಬಕ್ಕೆ ತೂತು ಕೊರೆದು, ಅಂಚನ್ನು ಮರಳುಕಾಗದದಿಂದ ಉಜ್ಜಿ ನುಣುಪು ಮಾಡಿ, ಒಳಗೆ ಪಾಚಿ ತುಂಬಿದೆವು.

ಗೂಡಿನ ನೆಲಕ್ಕೆ ಹಾಕುವುದು ತೆಂಗಿನ ನಾರಿನ ಪುಡಿ, ಸಿಪ್ಪೆಯ ಚೂರು. ಒಣಗಿದ ಇಟ್ಟಿಗೆ ಥರ ಬರುತ್ತದೆ, ನೀರಲ್ಲಿ ಹಾಕಿದರೆ ಉಬ್ಬುತ್ತದೆ. ಮೊದಲ ಸಲ ಬಿಸಿನೀರು ಹೊಯ್ದಾಗ ಮನೆಯೆಲ್ಲ ನಮ್ಮೂರಿನ ಬಚ್ಚಲೊಲೆಯ ಹತ್ತಿರ ಒಟ್ಟಿದ ತೆಂಗಿನ ಸಿಪ್ಪೆಯ ವಾಸನೆ. ಈಗಲೂ ನೆಲ ಬದಲಿಸುವ ಕೆಲಸ ನನಗೇ ಇಟ್ಟುಕೊಂಡಿದ್ದೇನೆ.

ಗೂಡು ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಒಂದು ತುದಿಯಲ್ಲಿ 90 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ 32. ಇನ್ನೊಂದು ತುದಿಯಲ್ಲಿ 26ರ ಹತ್ತಿರ. ಎಲ್ಲಿರಬೇಕು ಅಂತ ಹಾವೇ ಆರಿಸಿಕೊಳ್ಳುತ್ತದೆ. ಎರಡೂ ಕಡೆ ಒಂದೇ ಥರದ ಒಂದೊಂದು ಅಡಗುಗೂಡು, ಮೈಗೆ ಒತ್ತುವಷ್ಟು ಇಕ್ಕಟ್ಟು. ದೊಡ್ಡದು ಇಟ್ಟರೆ ಪ್ರೀತಿ ಅಂದುಕೊಂಡಿದ್ದೆ, ತಪ್ಪು. ಆಫ್ರಿಕಾದಲ್ಲಿ ಇವು ಇಲಿ ಬಿಲಗಳಲ್ಲಿ, ಗೆದ್ದಲ ಹುತ್ತಗಳಲ್ಲಿ ಇರುತ್ತವೆ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಅಂತ ನಾವು ದೂರುವ ಹಾಗೆ ಹೇಳುತ್ತೇವಲ್ಲ, ಆ ಹುತ್ತದ ಇಕ್ಕಟ್ಟೇ ಅದಕ್ಕೆ ನೆಮ್ಮದಿ. ನಾಲ್ಕೂ ಕಡೆ ಮೈಗೆ ಏನಾದರೂ ತಾಗುತ್ತಿದ್ದರೆ ಮಾತ್ರ ಅದು ಸುಮ್ಮನೆ ಮಲಗುತ್ತದೆ.

ಇನ್ನು ಊಟ. ಹುಟ್ಟಿದಾಗಿನಿಂದ ನಾನು ಮಾಂಸ ಮುಟ್ಟಿದವಳಲ್ಲ. ಹಾವು ತರಬೇಕು ಅಂದಾಗ ಮನೆಯಲ್ಲಿ ಬಂದ ದೊಡ್ಡ ಮಾತೇ ಇದು. ಹಾವಿಗೆ ಸೊಪ್ಪು, ಅನ್ನ, ಹಾಲು ಯಾವುದೂ ಆಗುವುದಿಲ್ಲ. ಅದಕ್ಕೆ ಇಲಿಯೇ ಬೇಕು. ಹಾವನ್ನು ಒಪ್ಪಿಕೊಂಡ ಮೇಲೆ ಅದರ ಊಟವನ್ನೂ ಒಪ್ಪಿಕೊಳ್ಳಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಗ್ಯಾರೇಜಿನಲ್ಲಿ ಬೇರೆಯದೇ ಒಂದು ಪುಟ್ಟ ಫ್ರೀಜರ್ ಇಟ್ಟೆವು. ಸತ್ತ, ಮಂಜುಗಟ್ಟಿಸಿದ ಇಲಿಗಳು ಒಂದೊಂದು ಪ್ರತ್ಯೇಕ ಚೀಲದಲ್ಲಿ ಸಿಗುತ್ತವೆ. ಜೀವಂತ ಇಲಿ ಹಾಕುವುದಿಲ್ಲ. ಇಲಿಗೂ ಹಿಂಸೆ, ಹಾವಿಗೂ ಅಪಾಯ. ಹಸಿವಿಲ್ಲದ ಹಾವಿನ ಬೆನ್ನನ್ನು ಇಲಿ ಎಲುಬು ಕಾಣುವ ತನಕ ಕಚ್ಚಿದ್ದುಂಟು.

ಹಿಂದಿನ ರಾತ್ರಿ ಇಲಿಯನ್ನು ತಣ್ಣಗೆ ಕರಗಲು ಇಡಬೇಕು. ಕೊಡುವ ಮೊದಲು ಚೀಲದ ಸಮೇತ ಬಿಸಿನೀರಿನಲ್ಲಿ ಇಟ್ಟು ಜೀವ ಇರುವ ಇಲಿಯಷ್ಟು ಬೆಚ್ಚಗೆ ಮಾಡಬೇಕು. ಸಿಂಬಿಯ ಮೇಲ್ದುಟಿಯಲ್ಲಿ ಸಾಲಾಗಿ ಸಣ್ಣ ಸಣ್ಣ ಗುಳಿಗಳಿವೆ. ಕತ್ತಲಲ್ಲೂ ಬಿಸಿ ಎಲ್ಲಿದೆ ಅಂತ ಅವು ಹೇಳುತ್ತವೆ. ಉದ್ದದ ಇಕ್ಕಳದಲ್ಲಿ ಹಿಡಿದು ಮುಂದೆ ಆಡಿಸಿದರೆ ಕುತ್ತಿಗೆ ಇಂಗ್ಲಿಷ್ ಎಸ್ ಅಕ್ಷರದ ಹಾಗೆ ಬಾಗುತ್ತದೆ, ನಾಲಿಗೆ ನಿಧಾನವಾಗುತ್ತದೆ, ಆಮೇಲೆ ಕಣ್ಣಿಗೆ ಕಾಣದಷ್ಟು ಬೇಗ ಹಾರಿ ಹಿಡಿದು ಮೂರು ಸುತ್ತು ಸುತ್ತಿಬಿಡುತ್ತದೆ. ಹತ್ತು ನಿಮಿಷ ಹಾಗೇ ಬಿಗಿ ಹಿಡಿದಿರುತ್ತದೆ. ಆಮೇಲೆ ಸುತ್ತು ಸಡಿಲಿಸಿ, ಮೂತಿಯಿಂದ ತಡವಿ ತಡವಿ ಇಲಿಯ ತಲೆ ಹುಡುಕುತ್ತದೆ. ನುಂಗಿ ಮುಗಿದ ಮೇಲೆ ಎರಡು ಸಲ ದೊಡ್ಡದಾಗಿ ಆಕಳಿಸುತ್ತದೆ. ದವಡೆಯನ್ನು ಮತ್ತೆ ಜಾಗಕ್ಕೆ ಕೂರಿಸಿಕೊಳ್ಳುವುದು ಅದು. ಅದನ್ನು ನೋಡುವಾಗ ನನಗೆ ಅಸಹ್ಯ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಉಂಡ ಮಗುವನ್ನು ನೋಡಿದ ಸಮಾಧಾನವೇ ಆಯಿತು.

ಆದರೆ ಆ ಸಮಾಧಾನಕ್ಕೆ ಹನ್ನೊಂದು ವಾರ ಕಾಯಬೇಕಾಯಿತು. ಬಂದ ದಿನದಿಂದ ಸಿಂಬಿ ಏನೂ ತಿನ್ನಲಿಲ್ಲ. ಎರಡು ವಾರಕ್ಕೊಮ್ಮೆ ಇಲಿ ಬೆಚ್ಚಗೆ ಮಾಡಿ ಮುಂದೆ ಹಿಡಿಯುವುದು, ಅದು ಮುಖ ತಿರುಗಿಸುವುದು, ನಾನು ಕಾಗದದಲ್ಲಿ ಸುತ್ತಿ ಹಿತ್ತಲಲ್ಲಿ ಹೂಳುವುದು. ಈ ಜಾತಿ ಚಳಿಗಾಲದಲ್ಲಿ, ಜಾಗ ಬದಲಾದಾಗ ತಿಂಗಳುಗಟ್ಟಲೆ ಉಪವಾಸ ಇರುತ್ತದೆ ಅಂತ ಗೊತ್ತಿತ್ತು. ಗೊತ್ತಿದ್ದರೂ ನಿದ್ದೆ ಬರುತ್ತಿರಲಿಲ್ಲ. ಅಡುಗೆಮನೆಯದಲ್ಲದ ಬೇರೆ ತಕ್ಕಡಿ ತಂದು ಪ್ರತಿ ಭಾನುವಾರ ತೂಕ ಬರೆದಿಟ್ಟೆ. 1,180 ಇದ್ದದ್ದು 1,120ಕ್ಕೆ ಇಳಿಯಿತು. ನೂರಕ್ಕೆ ಹತ್ತರಷ್ಟು ಇಳಿದರೆ ಮಾತ್ರ ಯೋಚಿಸೋಣ ಅಂದಿದ್ದರು ಡಾಕ್ಟರು.

ಡಿಸೆಂಬರ್ ಕೊನೆಗೆ ಮೈ ಮಂಕಾಯಿತು, ಹೊಟ್ಟೆ ಗುಲಾಬಿ ಬಣ್ಣಕ್ಕೆ ತಿರುಗಿತು, ಕಣ್ಣೆರಡೂ ಹಾಲುನೀಲಿ. ಪಾಚಿ ಡಬ್ಬದೊಳಗೆ ಹೋಗಿ ಕೂತವಳು ಐದು ದಿನ ಹೊರಗೆ ಬರಲಿಲ್ಲ. ಒಂದು ಬೆಳಿಗ್ಗೆ ಮಗಳು ಕೂಗಿದಳು. ಪೊರೆ ಒಂದೇ ತುಂಡಾಗಿ, ಕಾಲುಚೀಲ ಮಗುಚಿದ ಹಾಗೆ ಒಳಮೈ ಹೊರಗಾಗಿ ಬಿದ್ದಿತ್ತು. ಮೂತಿಯ ಹತ್ತಿರ ಭೂತಗನ್ನಡಿ ಹಿಡಿದು ನೋಡಿದೆವು. ಬಲಗಣ್ಣಿನ ಜಾಗದಲ್ಲಿ ಒಂದು ಬಿಲ್ಲೆ. ಎಡಗಣ್ಣಿನ ಜಾಗದಲ್ಲಿ ಒಂದರ ಮೇಲೊಂದು ಎರಡು. ಗೂಡಿನೊಳಗೆ ಸಿಂಬಿ ಎರಡೂ ಕಣ್ಣು ಫಳಫಳ ಅನ್ನಿಸಿಕೊಂಡು ನಮ್ಮ ಕಡೆ ನಾಲಿಗೆ ಚಾಚುತ್ತಿದ್ದಳು. ಅದಾದ ವಾರಕ್ಕೆ, 2020ರ ಜನವರಿ 5ರಂದು, ಇಲಿ ಹಿಡಿದಳು.

ಬಿಸಿ ಅಂದರೆ ಈ ಪ್ರಾಣಿಗೆ ಏನು ಅಂತ ನನಗೆ ಪೂರ್ತಿ ಅರ್ಥವಾಗಿದ್ದು ಮರುವರ್ಷ.

2021ರ ಫೆಬ್ರವರಿಯಲ್ಲಿ ಟೆಕ್ಸಸ್‌ಗೆ ಹಿಮ ಬಿದ್ದದ್ದು ನಿಮಗೂ ನೆನಪಿರಬಹುದು. ಇಲ್ಲಿನ ಮನೆಗಳು ಸೆಕೆಗೆ ಕಟ್ಟಿದವು, ಅಂಥ ಚಳಿಗಲ್ಲ. 15ನೇ ತಾರೀಖು ಸೋಮವಾರ ಬೆಳಗಿನ ಜಾವ ಕರೆಂಟ್ ಹೋಯಿತು. ಹೊರಗೆ ಮೈನಸ್ 13ರ ಆಸುಪಾಸು. ರಾಜ್ಯದಲ್ಲಿ 45 ಲಕ್ಷಕ್ಕಿಂತ ಜಾಸ್ತಿ ಮನೆ, ಅಂಗಡಿಗಳು ಕತ್ತಲಲ್ಲಿದ್ದವು. ನಮ್ಮದು ಎಲ್ಲವೂ ಕರೆಂಟಿನ ಮೇಲೇ ನಡೆಯುವ ಮನೆ. ಒಲೆ, ಹೀಟರ್, ನೀರು ಕಾಯಿಸುವುದು, ಸಿಂಬಿಯ ದೀಪ. ಬೆಳಿಗ್ಗೆ ಎಂಟಕ್ಕೆ ಗೂಡಿನ ಬಿಸಿ ಬದಿಯೇ 65 ಫ್ಯಾರನ್‌ಹೀಟ್‌ಗೆ ಇಳಿದಿತ್ತು. ಮೈ ಮುಟ್ಟಿದರೆ ನದಿಯ ಕಲ್ಲು ಮುಟ್ಟಿದ ಹಾಗೆ.

ಮಗಳು ಅಳುತ್ತಿದ್ದಳು. ನಾನು ಹಳೆಯ ದಿಂಬಿನ ಕವರ್ ತಂದು ಸಿಂಬಿಯನ್ನು ಒಳಗೆ ಬಿಟ್ಟು ಬಾಯಿ ಗಂಟು ಹಾಕಿದೆ. ಹತ್ತಿ ಬಟ್ಟೆಯಲ್ಲಿ ಉಸಿರಾಟಕ್ಕೆ ತೊಂದರೆ ಇಲ್ಲ. ಸ್ವೆಟರ್ ಒಳಗೆ ಹೊಟ್ಟೆಗೆ ಒತ್ತಿ ಇಟ್ಟುಕೊಂಡು, ಮೇಲೆ ಊರಿಂದ ತಂದಿದ್ದ ಕರಿ ಕಂಬಳಿ ಹೊದ್ದುಕೊಂಡೆ. ಆ ಕಂಬಳಿಯನ್ನು ಅಮ್ಮ ಒತ್ತಾಯ ಮಾಡಿ ಸೂಟ್‌ಕೇಸಿಗೆ ತುರುಕಿದ್ದರು, ಆಸ್ಟಿನ್ ಸೆಕೆಗೆ ಯಾಕೆ ಅಂತ ಅವತ್ತು ಜಗಳ ಆಡಿದ್ದೆ.

ಮೊದಲ ಅರ್ಧ ಗಂಟೆ ಹೊಟ್ಟೆಯ ಮೇಲೆ ತಣ್ಣಗಿನ ಭಾರ, ಅಷ್ಟೇ. ಅಲುಗಾಟ ಇಲ್ಲ. ನಾನು ಮಾತಾಡಲೂ ಹೆದರಿ ಕೂತಿದ್ದೆ. ಆಮೇಲೆ ಒಂದು ಕಡೆ ಸ್ವಲ್ಪ ಬಿಗಿಯಾಯಿತು. ಬಟ್ಟೆಯೊಳಗೆ ತಲೆ ಮೆಲ್ಲಗೆ ಸರಿದು ನನ್ನ ಪಕ್ಕೆಲುಬಿನ ಕೆಳಗೆ, ಮೈ ಎಲ್ಲಿ ಎಲ್ಲಕ್ಕಿಂತ ಬೆಚ್ಚಗಿದೆಯೋ ಅಲ್ಲಿಗೆ ಬಂದು ನಿಂತಿತು. ಬಸುರಿಯಾಗಿದ್ದಾಗ ಮಗು ಒಳಗಿಂದ ಒದ್ದ ಜಾಗ ಅದು. ಅದಕ್ಕೆ ನನ್ನ ಮೇಲೆ ಪ್ರೀತಿ ಅಂತ ನಾನು ಹೇಳುವುದಿಲ್ಲ. ಅದಕ್ಕೆ ಬೇಕಾಗಿದ್ದು ಬಿಸಿ. ನನ್ನ ಹತ್ತಿರ ಬಿಸಿ ಇತ್ತು, ಕೊಟ್ಟೆ. ಅವತ್ತಿನಿಂದ ಈ ಪ್ರಾಣಿ ನನ್ನದು.

ಮೂರು ದಿನ ನಾವು ಮೂವರೂ ಪಾಳಿ ಹಾಕಿಕೊಂಡೆವು. ರಾತ್ರಿ ನನ್ನದು, ಬೆಳಿಗ್ಗೆ ಮಗಳದು, ಮಧ್ಯಾಹ್ನ ಗಂಡನದು. ಹಾವನ್ನು ಅಲ್ಲಿಯವರೆಗೆ ಮುಟ್ಟದ ಮನುಷ್ಯ, ಜಾಕೆಟ್ ಒಳಗೆ ಇಟ್ಟುಕೊಂಡು ಒಂದು ಮಾತಾಡದೆ ಮೂರು ಗಂಟೆ ಕೂತಿದ್ದರು. ಮನೆಯೊಳಗೆ 44 ಫ್ಯಾರನ್‌ಹೀಟ್, ಆರೇಳು ಸೆಲ್ಸಿಯಸ್. ಅದೃಷ್ಟಕ್ಕೆ ಸಿಂಬಿ ಇಲಿ ತಿಂದು ಒಂಬತ್ತು ದಿನ ಆಗಿತ್ತು. ಹೊಟ್ಟೆ ತುಂಬಿದ್ದಾಗ ಮೈ ತಣ್ಣಗಾದರೆ ಊಟ ಕರಗದೆ ಕಕ್ಕಿಬಿಡುತ್ತದೆ.

ಫೋನ್ ಚಾರ್ಜ್ ಮಾಡಲು ಕಾರನ್ನು ರಸ್ತೆಗೆ ತಂದು ಸ್ಟಾರ್ಟ್ ಮಾಡಿದಾಗ ಅಮ್ಮನ ಹನ್ನೆರಡು ಮಿಸ್ಡ್ ಕಾಲ್. ಊರಿನ ಟೀವಿಯಲ್ಲಿ ನೋಡಿದ್ದರು. ಮಗು ಹೇಗಿದೆ, ತಿನ್ನೋಕೆ ಏನಿದೆ, ನೀರು ಇದೆಯಾ, ಎಲ್ಲ ಕೇಳಿದರು. ಆಮೇಲೆ ಒಂದು ಕ್ಷಣ ಸುಮ್ಮನಾಗಿ, "ಹುಳ ಹೇಗಿದೆ?" ಅಂದರು.

ಹೊಟ್ಟೆಗೆ ಕಟ್ಟಿಕೊಂಡಿದ್ದೇನೆ ಅಂದೆ. ಬೈಯುತ್ತಾರೆ ಅಂದುಕೊಂಡೆ. "ಒಳ್ಳೇದು. ಚಳಿಯಲ್ಲಿ ಕರು ಹಾಕಿದಾಗ ಗೋಣಿಚೀಲ ಹೊದಿಸಿ ಪಕ್ಕದಲ್ಲಿ ಕೂರ್ತಿರಲಿಲ್ವಾ ನಾವು. ಕಂಬಳಿ ಬಿಚ್ಚಬೇಡ" ಅಂದರು. ಅಮ್ಮ ಹಾವಿನ ಬಗ್ಗೆ ತಾವಾಗಿ ಕೇಳಿದ್ದು ಅದೇ ಮೊದಲು.

ಅದೇ ದಿನಗಳಲ್ಲಿ ಟೆಕ್ಸಸ್‌ನ ದಕ್ಷಿಣ ತುದಿಯ ಸೌತ್ ಪಾಡ್ರೆ ದ್ವೀಪದಲ್ಲಿ ಚಳಿಗೆ ಮರಗಟ್ಟಿದ ಕಡಲಾಮೆಗಳನ್ನು ಜನ ದೋಣಿಗಳಲ್ಲಿ, ಕಾರುಗಳಲ್ಲಿ ಹೊತ್ತು ತಂದರು. ಕನ್ವೆನ್ಷನ್ ಸೆಂಟರಿನ ನೆಲದ ತುಂಬಾ ಸಾವಿರಾರು ಆಮೆಗಳನ್ನು ಸಾಲಾಗಿ ಮಲಗಿಸಿದ್ದರು. ತಮ್ಮ ಮನೆಯಲ್ಲೇ ಕರೆಂಟ್ ಇಲ್ಲದ ಜನ ಆಮೆ ಹೊರುತ್ತಿದ್ದರು. ಆ ಫೋಟೋ ನೋಡಿ ಕಾರಿನಲ್ಲಿ ಕೂತು ಅತ್ತಿದ್ದೆ. ಬುಧವಾರ ಸಂಜೆ ನಮಗೆ ಕರೆಂಟ್ ಬಂತು.

ಈ ಕಥೆ ನೆಂಟರ ವಾಟ್ಸಾಪ್ ಗ್ರೂಪಿಗೆ ಹೋಯಿತು. ಅದಾದ ಮೇಲೆ ಬೆಂಗಳೂರಿನಲ್ಲಿರುವ ನನ್ನ ಚಿಕ್ಕಮ್ಮನ ಮಗ ಬಾಲ್ ಪೈಥಾನ್ ತರುತ್ತೇನೆ, ಯಾರೋ ಬಿಳಿ ಬಣ್ಣದ್ದು ಕೊಡ್ತಾರಂತೆ ಅಂದ. ಅವನಿಗೆ ಹೇಳಿದ್ದನ್ನು ಇಲ್ಲೂ ಹೇಳುತ್ತೇನೆ. ನಮ್ಮ ನಾಗರ, ಕೇರೆ, ಹೆಬ್ಬಾವು ಯಾವುದನ್ನೂ ಹಿಡಿದು ಸಾಕುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಅದನ್ನು ತಡೆಯುತ್ತದೆ. ತಡೆಯಲೇಬೇಕು. ಹೊರದೇಶದ ಜಾತಿಯಾದರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್ ಮೂಲಕ ನೋಂದಣಿ ಆಗಬೇಕು, ಎಲ್ಲಿಂದ ಬಂತು ಅನ್ನುವುದಕ್ಕೆ ಕಾಗದ ಇರಬೇಕು. ಕಾಗದ ಇಲ್ಲದೆ ಕೊಡುತ್ತೇನೆ ಅನ್ನುವವರ ಹತ್ತಿರ ಹೋಗಲೇಬೇಡಿ.

ಯಾಕೆ ಅಂದರೆ 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಬಂದ ವಿಮಾನದ ಬ್ಯಾಗುಗಳಲ್ಲಿ ಕಸ್ಟಮ್ಸ್‌ನವರಿಗೆ ಸಿಕ್ಕಿದ್ದು 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, ಜೊತೆಗೆ ಸತ್ತುಹೋಗಿದ್ದ ಆರು ಕೋತಿಗಳು. ಕಾಳಿಂಗಕ್ಕೆ ಹೆಸರಾದ ಆಗುಂಬೆ ನಮ್ಮ ಮನೆಗೆ ಹತ್ತಿರ. ಆ ಸುದ್ದಿ ಓದಿದ ದಿನ ಊಟ ಸೇರಲಿಲ್ಲ. ನನ್ನ ಹಾವು ದಿಂಬಿನ ಕವರಿನಲ್ಲಿ ನನ್ನ ಉಸಿರು ಕೇಳುತ್ತಾ ಮಲಗಿತ್ತು. ಅವು ಯಾರದೋ ಬ್ಯಾಗಿನಲ್ಲಿ, ಸಾಮಾನಿನ ಹಾಗೆ. ಬಣ್ಣ ಬಣ್ಣದ್ದು ಬೇಕು ಅನ್ನುವ ಆಸೆಯೇ ಅವನ್ನು ಬ್ಯಾಗಿಗೆ ತುಂಬುತ್ತದೆ. ತಮ್ಮ ಈಗ ಆ ಮಾತು ಬಿಟ್ಟಿದ್ದಾನೆ. ರಜೆಯಲ್ಲಿ ಹಾವು ಹಿಡಿದು ಕಾಡಿಗೆ ಬಿಡುವವರ ಜೊತೆ ಓಡಾಡುತ್ತಾನೆ, ಅದು ಎಷ್ಟೋ ಒಳ್ಳೆಯದು.

2022ರ ಬೇಸಿಗೆಯಲ್ಲಿ ಅಮ್ಮ ಬಂದರು. ಮೊದಲ ವಾರ ಸಿಂಬಿ ಇದ್ದ ಕೋಣೆಯ ಬಾಗಿಲಲ್ಲೇ ನಿಲ್ಲುತ್ತಿದ್ದರು. ಎರಡನೇ ವಾರ ಕುರ್ಚಿ ಹಾಕಿಕೊಂಡರು. ಸಂಜೆ ಕತ್ತಲಾಗುವಾಗ ಸಿಂಬಿ ಹೊರಗೆ ಬಂದು ಗಾಜಿನ ಉದ್ದಕ್ಕೂ ಸರಿದಾಡುವುದನ್ನು ಹೂ ಕಟ್ಟುತ್ತಾ ನೋಡುತ್ತಿದ್ದರು. ಆಫ್ರಿಕಾದ ಬೆನಿನ್ ದೇಶದಲ್ಲಿ ವೀಡಾ ಅನ್ನುವ ಊರಿದೆ, ಅಲ್ಲಿ ಇದೇ ಜಾತಿಯ ಹಾವುಗಳಿಗೆ ಗುಡಿ ಇದೆ, ರಾತ್ರಿ ಹೊರಗೆ ಹೋಗಿ ಯಾರ ಮನೆಗಾದರೂ ನುಗ್ಗಿದರೆ ಜನ ಹೊಡೆಯದೆ ಮತ್ತೆ ಗುಡಿಗೆ ತಂದು ಬಿಡುತ್ತಾರೆ ಅಂತ ಹೇಳಿದೆ. "ಹಾಗಾದ್ರೆ ಇದು ಅಲ್ಲಿನ ನಾಗಪ್ಪ" ಅಂದರು. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 60 ದಾಟಿದ ಒಂದು ಬಾಲ್ ಪೈಥಾನ್ 2020ರಲ್ಲಿ ಏಳು ಮೊಟ್ಟೆ ಇಟ್ಟಿತು, ಹತ್ತಾರು ವರ್ಷ ಗಂಡಿನ ಹತ್ತಿರ ಹೋಗದೆ, ಅಂತಲೂ ಹೇಳಿದೆ. ಅದನ್ನು ಅಮ್ಮ ನಂಬಲೇ ಇಲ್ಲ.

ಆಗಸ್ಟ್ 2ಕ್ಕೆ ನಾಗರ ಪಂಚಮಿ. ಕುಂಡದಲ್ಲಿ ಬೆಳೆಸಿದ್ದ ಅರಿಶಿನದ ಎಲೆ ಕೊಯ್ದು ಅಮ್ಮ ಕಡುಬು ಮಾಡಿದರು. ಬೆಳಿಗ್ಗೆ ಸ್ನಾನ ಮಾಡಿ ಬಂದು, "ಸ್ವಲ್ಪ ಹಾಲು ಇಡಲಾ?" ಅಂದರು. ಹಾವಿಗೆ ಹಾಲು ಆಗಲ್ಲ ಅಮ್ಮ, ಹೊಟ್ಟೆ ಕೆಡುತ್ತದೆ, ನೀರೇ ಸಾಕು ಅಂದೆ. ಬೇಜಾರು ಮಾಡಿಕೊಳ್ಳುತ್ತಾರೆ ಅನ್ನಿಸಿತು. ಅವರು ಸ್ವಲ್ಪ ಯೋಚನೆ ಮಾಡಿ, "ಹಾಗಾದ್ರೆ ನೀರಿನ ಬಟ್ಟಲು ಕೊಡು" ಅಂದರು. ಗೂಡಿನ ಬಾಗಿಲು ತೆಗೆದು ಕೊಟ್ಟೆ. ಆ ಮಣ್ಣಿನ ಬಟ್ಟಲನ್ನು ಅಮ್ಮ ದೇವರ ಪಾತ್ರೆ ತೊಳೆದ ಹಾಗೆ ಮೂರು ಸಲ ಉಜ್ಜಿ ತೊಳೆದರು. ಹೊಸ ನೀರು ತುಂಬಿ, ಸೆರಗಿನಿಂದ ಹೊರಗಿನ ಹನಿ ಒರೆಸಿ, ತಾವೇ ಒಳಗೆ ಕೈ ಹಾಕಿ ಇಟ್ಟರು. ಸಿಂಬಿ ಅಡಗುಗೂಡಿನಿಂದ ತಲೆ ಹೊರಗೆ ಹಾಕಿ ಅಮ್ಮನ ಬೆರಳ ಹತ್ತಿರ ಎರಡು ಸಲ ನಾಲಿಗೆ ಚಾಚಿತು. ಅಮ್ಮ ಕೈ ತೆಗೆಯಲಿಲ್ಲ. ಆಮೇಲೆ ನಾನು ಹೇಳಿದ ಮೇಲೆ ಸೋಪು ಹಾಕಿ ಕೈ ತೊಳೆದರು. ಹಾವು ಮುಟ್ಟಿದ ಮೇಲೆ, ಅದರ ಗೂಡು ಮುಟ್ಟಿದ ಮೇಲೆ ಕೈ ತೊಳೆಯಲೇಬೇಕು, ಸಾಲ್ಮೊನೆಲ್ಲಾ ಅನ್ನುವ ಹೊಟ್ಟೆ ಕೆಡಿಸುವ ರೋಗಾಣು ಅವುಗಳ ಮೈಮೇಲೆ ಇರಬಹುದು.

ಊರಿಗೆ ಹೊರಡುವ ತನಕ ನೀರು ಬದಲಿಸುವ ಕೆಲಸ ಅಮ್ಮನದೇ ಆಯಿತು.

ಮಗಳು ಈಗ ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದಾಳೆ. ಹಾಸ್ಟೆಲ್‌ನಲ್ಲಿ ಹಾವು ಇಟ್ಟುಕೊಳ್ಳಲು ಬಿಡುವುದಿಲ್ಲ. ಮೊನ್ನೆ ರಾತ್ರಿ ಗೂಡಿನ ಮುಂದೆ ನೆಲದ ಮೇಲೆ ಕೂತು, "ನೀನು ನೋಡ್ಕೋತೀಯಲ್ವಾ ಅಮ್ಮ?" ಅಂದಳು. ನನಗೀಗ ನಲವತ್ತಾರು. ಸಿಂಬಿ ಎಲ್ಲ ಸರಿಹೋದರೆ ಇನ್ನು ಹದಿನೈದು, ಇಪ್ಪತ್ತು ವರ್ಷ ಇರುತ್ತಾಳೆ. ತೂಕ ಬರೆಯುವ ಪುಸ್ತಕದ ಮೊದಲ ಪುಟದಲ್ಲಿ, ಮಗಳ ಹೆಸರಿನ ಕೆಳಗೆ ನನ್ನ ಹೆಸರನ್ನೂ ಬರೆದೆ. ಈ ಭಾನುವಾರದ ತೂಕ 1,710.

ಅಮ್ಮ ಇವತ್ತೂ ಫೋನ್ ಮಾಡಿದ್ದರು.

"ಹುಳ ಹೇಗಿದೆ?"

"ಕಣ್ಣು ನೀಲಿಯಾಗಿದೆ ಅಮ್ಮ."

"ಪೊರೆ ಬಿಡೋಕೆ ಬಂದಿದೆ ಅನ್ನು. ಪಾಚಿ ಒದ್ದೆ ಮಾಡಿಟ್ಟಿದ್ದೀಯಾ?"

ಇಟ್ಟಿದ್ದೇನೆ ಅಂದೆ. ಫೋನ್ ಇಟ್ಟ ಮೇಲೆ ಹೋಗಿ ಮತ್ತೊಂದು ಸಲ ಮುಟ್ಟಿ ನೋಡಿದೆ. ಅಂಚಿನಲ್ಲಿ ಒಣಗುತ್ತಿತ್ತು, ಎರಡು ಲೋಟ ನೀರು ಹಾಕಿದೆ.